ಹೇಇನ್ಸಾದ ತ್ರಿಪಿಟಕ ಭಂಡಾರ

ದಕ್ಷಿಣ ಕೊರಿಯಾದ ಗಯಾ ಬೆಟ್ಟದಲ್ಲಿರುವ ಹೇಇನ್ಸಾ ವಿಹಾರದ ತುತ್ತತುದಿಯಲ್ಲಿ, ಮುಖ್ಯ ಬುದ್ಧಮಂದಿರಕ್ಕಿಂತಲೂ ಎತ್ತರದಲ್ಲಿ, ಬಣ್ಣ-ಚಿತ್ತಾರಗಳಿಲ್ಲದ ನಾಲ್ಕು ಮರದ ಕಟ್ಟಡಗಳಿವೆ. ಒಳಗಿರುವುದು ಓದುವ ಪುಸ್ತಕಗಳಲ್ಲ, ಬೌದ್ಧ ಧರ್ಮಗ್ರಂಥವಾದ ತ್ರಿಪಿಟಕದ 80,000ಕ್ಕೂ ಹೆಚ್ಚು ಮರದ ಅಚ್ಚುಹಲಗೆಗಳು. ಎರಡೂ ಮೈಗೆ ಚೀನೀ ಲಿಪಿಯಲ್ಲಿ ಕನ್ನಡಿ ಬಿಂಬದಂತೆ ತಿರುವುಮುರುವಾಗಿ ಕೊರೆದ ಅಕ್ಷರಗಳು 5 ಕೋಟಿ ದಾಟುತ್ತವೆ.

ಇದು ಎರಡನೆಯ ಆವೃತ್ತಿ. ಖಿತಾನರ ದಾಳಿಯ ಕಾಲದಲ್ಲಿ, 11ನೇ ಶತಮಾನದಲ್ಲಿ ಕೊರೆಯಲು ತೊಡಗಿದ್ದ ಮೊದಲ ಹಲಗೆಗಳನ್ನು 1232ರಲ್ಲಿ ಮಂಗೋಲರು ಸುಟ್ಟರು. ಬುದ್ಧನ ಕೃಪೆಯಿಂದಲೇ ಶತ್ರು ತೊಲಗಬೇಕೆಂದು ಕೊರಿಯಾವನ್ನು ಆಳುತ್ತಿದ್ದ ಗೊರ್ಯೊ ಅರಸರು ಮತ್ತೆ ಕೊರೆಸಿದರು. ಕೆಲಸ 1251ರಲ್ಲಿ ಮುಗಿಯಿತು, ಮಂಗೋಲರೇನೂ ತೊಲಗಲಿಲ್ಲ. ಆದರೆ ಭಿಕ್ಷು ಸುಗಿ ಹಲವು ಪಾಠಗಳನ್ನು ಹೋಲಿಸಿ ತಿದ್ದಿದ್ದರಿಂದ ಗ್ರಂಥ ಎಷ್ಟು ಶುದ್ಧವಾಗಿತ್ತೆಂದರೆ, 20ನೇ ಶತಮಾನದಲ್ಲಿ ಜಪಾನಿನ ತೈಶೋ ತ್ರಿಪಿಟಕಕ್ಕೆ ಇದೇ ಆಧಾರವಾಯಿತು. 1398ರಲ್ಲಿ ಹಲಗೆಗಳು ಅದುವರೆಗೆ ಇರಿಸಿದ್ದ ಗಾಂಗ್‌ಹ್ವಾ ದ್ವೀಪದಿಂದ ಹೊರಟವು. ಕೊನೆಗೆ ನೆಲೆ ನಿಂತದ್ದು ಇಲ್ಲಿ.

ಈಗಿನ ಕಟ್ಟಡ 15ನೇ ಶತಮಾನದ್ದು. 15 ಅಂಕಣ ಉದ್ದದ ಎರಡು ಭವನಗಳು ಹಿಂದೆ-ಮುಂದೆ ನಿಂತಿವೆ: ದಕ್ಷಿಣಕ್ಕೆ ಸುದರಾಜಾಂಗ್, ಉತ್ತರಕ್ಕೆ ಬೊಪ್‌ಬೊಜೊನ್. ಇವುಗಳ ನಡುವಿನ ಅಂಗಳದ ಎರಡು ತುದಿಗೆ ಒಂದೊಂದು ಪುಟ್ಟ ಕಟ್ಟಡ. ನೋಡಬೇಕಾದದ್ದು ಕಿಟಕಿಗಳನ್ನು. ಮುಂದಿನ ಗೋಡೆಯಲ್ಲಿ ಕೆಳಸಾಲಿನವು ದೊಡ್ಡವು, ಮೇಲ್ಸಾಲಿನವು ಚಿಕ್ಕವು. ಹಿಂದಿನ ಗೋಡೆಯಲ್ಲಿ ಇದಕ್ಕೆ ತದ್ವಿರುದ್ಧ. ಬಾಗಿಲು-ಗಾಜಿನ ಗೊಡವೆಯಿಲ್ಲ, ಬರೀ ಮರದ ಸರಳು. ಕೆಳಗಿನಿಂದ ನುಗ್ಗಿದ ಗಾಳಿ ಮೇಲೇರಿ, ಒಳಗೆಲ್ಲ ಸುತ್ತಾಡಿ ಹಿಂದಿನಿಂದ ಹೊರಬೀಳುತ್ತದೆ. ಇದ್ದಿಲು, ಸುಣ್ಣ, ಉಪ್ಪು ಬೆರೆಸಿ ಗಟ್ಟಿಮಾಡಿದ ಮಣ್ಣಿನ ನೆಲ ಮಳೆಗಾಲದ ತೇವವನ್ನು ಹೀರಿ ಒಣಹವೆಯಲ್ಲಿ ಬಿಟ್ಟುಕೊಡುತ್ತದೆ. ಹಲಗೆಗಳೂ ಈ ಏರ್ಪಾಡಿನ ಪಾಲುದಾರರೇ: ಎರಡು ಕೊನೆಯ ಹಿಡಿಪಟ್ಟಿ ಅಕ್ಷರಭಾಗಕ್ಕಿಂತ ದಪ್ಪವಾದ್ದರಿಂದ, ನೆಟ್ಟಗೆ ಒತ್ತಾಗಿ ಜೋಡಿಸಿದರೂ ನಡುವೆ ಗಾಳಿಯಾಡಲು ಸಂದಿ ಉಳಿಯುತ್ತದೆ.

ವಿಹಾರಕ್ಕೆ ಹಲವು ಸಲ ಬೆಂಕಿ ಬಿದ್ದರೂ ಭಂಡಾರಕ್ಕೆ ತಗಲಲಿಲ್ಲ. 1951ರಲ್ಲಿ, ಕೊರಿಯಾ ಯುದ್ಧದ ನಡುವೆ, ಬೆಟ್ಟದಲ್ಲಿ ಅವಿತ ಗೆರಿಲ್ಲಾಗಳ ಮೇಲೆ ಬಾಂಬ್ ಹಾಕಲು ಬಂದ ಆದೇಶವನ್ನು ವಾಯುಪಡೆಯ ಕಿಮ್ ಯಂಗ್-ಹ್ವಾನ್ ಪಾಲಿಸಲಿಲ್ಲ. 1995ರಲ್ಲಿ ಕಟ್ಟಡಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಅದಕ್ಕೂ ಮೊದಲು, 1970ರ ದಶಕದಲ್ಲಿ, ಹಲಗೆಗಳಿಗೆಂದೇ ಆಧುನಿಕ ಕಾಂಕ್ರೀಟ್ ಕಟ್ಟಡವೊಂದು ಎದ್ದಿತ್ತು. ಪರೀಕ್ಷೆಗೆಂದು ಒಯ್ದಿಟ್ಟ ಹಲಗೆಗಳು ಅಲ್ಲಿ ಹಾಳಾಗತೊಡಗಿದವು. ಸ್ಥಳಾಂತರದ ಯೋಜನೆಯನ್ನು ಕೈಬಿಡಲಾಯಿತು. ಹೊಸ ಕಟ್ಟಡಕ್ಕೆ ಬೇರೆ ಕೆಲಸ ಹುಡುಕಬೇಕಾಯಿತು.