ರಬಾಳೆಯಲ್ಲಿ ಮನೆ ನೋಡುವವರಿಗೆ

ಊರಿನಲ್ಲಿ ಸ್ಲ್ಯಾಬ್ ಎಂದರೆ ತಲೆಯ ಮೇಲಿನದು. "ಸ್ಲ್ಯಾಬ್ ಹಾಕಿದ್ರಾ?" ಎಂದರೆ ತಾರಸಿ ಮುಗಿಯಿತೇ ಎಂದೇ ಅರ್ಥ. ರಬಾಳೆಗೆ ಬಂದು ಮನೆ ಹುಡುಕುವ ನಮ್ಮವರೂ ಕತ್ತೆತ್ತಿ ಅದನ್ನೇ ನೋಡ್ತಾರೆ. ಸೋರಿದ ಕಲೆ ಇದೆಯೋ, ಗಿಲಾವು ಉದುರಿದೆಯೋ ಅಂತ. ಕಾಲಡಿಯ ಕಾಂಕ್ರೀಟಿನ ವಿಚಾರ ಯಾರೂ ಎತ್ತುವುದಿಲ್ಲ.

ಈ ಊರಿನ ಪೂರ್ವಕ್ಕೆ ಪಾರಸಿಕ್ ಗುಡ್ಡ, ಪಶ್ಚಿಮಕ್ಕೆ ಠಾಣೆ ಖಾಡಿ, ಅಂದರೆ ಸಮುದ್ರದ ಹಿನ್ನೀರು. ಗುಡ್ಡದ್ದು ದಖ್ಖನ್ನಿನ ಕಪ್ಪು ಕಲ್ಲು. ಖಾಡಿಯತ್ತ ಹೋದಂತೆ ಕಲ್ಲು ಕೆಳಗಿಳಿಯುತ್ತದೆ, ಮೇಲೆ ಮೆತ್ತನೆಯ ಕಡಲ ಕೆಸರು. ನಡುವೆ ಆಗ್ರಿ, ಕೋಳಿ ಜನರ ಹಳ್ಳಿಗಳು, ಗದ್ದೆ, ಉಪ್ಪಿನ ಆಗರ. ಕಟ್ಟೆ ಕಟ್ಟಿ ಉಪ್ಪುನೀರು ತಡೆದು ಭತ್ತ ಬೆಳೆಯುವ ಖಾರ್ ಜಮೀನು ಈ ಕರಾವಳಿಯದು. ಅಘನಾಶಿನಿ ದಡದಲ್ಲಿ ಕಗ್ಗ ಬೆಳೆಯುವ ಗಜನಿ ಕಂಡವರಿಗೆ ಬೇರೆ ವಿವರಣೆ ಬೇಡ. ಗಜನಿಯಲ್ಲಿ ಯಾರಾದರೂ ಏಳು ಮಾಳಿಗೆ ಎಬ್ಬಿಸುತ್ತಾರೆಯೇ? ಇಲ್ಲಿ ಎಬ್ಬಿಸಿದರು.

ಮೊದಲು, ಅರವತ್ತರ ದಶಕದಲ್ಲಿ, ಗುಡ್ಡದ ಬದಿಗೆ ಕಾರ್ಖಾನೆಗಳು ಬಂದವು. ಖಾಡಿಯಾಚೆ ಹೊಸ ಮುಂಬಯಿ ಕಟ್ಟಬೇಕೆಂದು 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಯೋಜನೆ ಮುಂದಿಟ್ಟರು. 1970ರಲ್ಲಿ ಸಿಡ್ಕೋ ಹುಟ್ಟಿತು. 95 ಹಳ್ಳಿಗಳ ಜಮೀನು ಯೋಜನೆಯೊಳಗೆ ಬಂತು. ತಗ್ಗಿಗೆ ಗುಡ್ಡದ ಗರಸು ಸುರಿದು ನೆಲ ಎತ್ತರಿಸಿದರು. ಭರತದ ಹೊತ್ತಿನಲ್ಲಿ ಮಳೆನೀರು ನಿಲ್ಲಲು ಕೆರೆಗಳನ್ನೂ ಮಾಡಿದರು. 2004ರಲ್ಲಿ ಠಾಣೆಯಿಂದ ಲೋಕಲ್ ರೈಲು ಓಡತೊಡಗಿದ ಮೇಲೆ ಕೇಳಬೇಕೆ, ಮನೆಯ ಬೆಲೆಯೂ ರೈಲು ಹತ್ತಿತು!

ನಮ್ಮೂರಿನ ಹಾಗೆ ಪಾಯ ತೋಡಿ ಸೈಜುಗಲ್ಲು ಕೂರಿಸಿದರೆ ಗುಡ್ಡದ ಬದಿಗೆ ನಡೆದೀತು, ಭರ್ತಿ ನೆಲದಲ್ಲಿ ನಡೆಯದು. ಅಲ್ಲಿ ಇರುವುದು ಎರಡು ದಾರಿ. ಒಂದು ರಾಫ್ಟ್, ಕನ್ನಡದಲ್ಲಿ ತೆಪ್ಪ. ಹೆಸರೇ ಅರ್ಧ ಹೇಳುತ್ತದೆ: ಕೆಳಗೂ ಮೇಲೂ ಕಬ್ಬಿಣದ ಜಾಳಿಗೆ ಇರುವ ದಪ್ಪ ಚಪ್ಪಡಿ ಇಡೀ ಕಟ್ಟಡದ ಭಾರವನ್ನು ಹರಡಿಕೊಳ್ಳುತ್ತದೆ. ಟೈಲ್ಸಿನ ಕೆಳಗೆ ಹಾಕುವ ನಾಲ್ಕಿಂಚಿನ ಕಾಂಕ್ರೀಟು ರಾಫ್ಟ್ ಅಲ್ಲ. ಅದನ್ನೇ ತೋರಿಸಿ "ಕೆಳಗೂ ಸ್ಲ್ಯಾಬ್ ಇದೆ ಸಾರ್" ಎನ್ನುವ ದಲ್ಲಾಳಿಗಳಿದ್ದಾರೆ. ಇನ್ನು ನಿಜವಾದ ತೆಪ್ಪಕ್ಕೂ ಮಿತಿ ಉಂಟು. ಕೆಸರು ವರ್ಷಗಟ್ಟಲೆ ನೀರು ಬಿಟ್ಟು ಕುಗ್ಗುತ್ತದೆ. ಒಂದು ಬದಿ ಹೆಚ್ಚು ಕುಗ್ಗಿದರೆ ಕಟ್ಟಡ ವಾಲುತ್ತದೆ. ಎರಡನೆಯದು ಪೈಲ್: ಕೆಸರು ದಾಟಿ ಕಲ್ಲು ಮುಟ್ಟುವ ಕಂಬ. ಇದರಲ್ಲಿ ಕಟ್ಟಡ ನಿಲ್ಲುತ್ತದೆ, ಸುತ್ತಲಿನ ಅಂಗಳ ಇಳಿಯುತ್ತದೆ. ಮೆಟ್ಟಿಲಿಗೂ ಗೋಡೆಗೂ ನಡುವೆ ಸಂದು ಕಂಡರೆ ಗಾಬರಿ ಬೇಡ, ನೆಲದೊಳಗಿನ ಪೈಪುಗಳ ಗತಿ ವಿಚಾರಿಸಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಮಹಡಿಯಿಂದ ಮಹಡಿಗೆ ಕಂಡರೆ ಮಾತ್ರ ಹೊರಟುಬಿಡಿ.

ಪಿ.ಎಫ್. ಹಣದಲ್ಲಿ ನಮ್ಮವರಿಗೆ ಎಟಕುವುದು ಹೆಚ್ಚಾಗಿ ಗಾಂವಠಾಣದ ಮನೆಗಳು. ಜಮೀನು ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ಉಳಿದ ತುಂಡಿನಲ್ಲಿ ಮಹಡಿ ಏರಿಸಿದರು. ಅವರನ್ನು ಬಯ್ಯಲು ನನಗೆ ಮನಸ್ಸಿಲ್ಲ. 1984ರಲ್ಲಿ ಜಾಸಯಿ ಭಾಗದ ಹೋರಾಟದಲ್ಲಿ ಐವರು ಗೋಲಿಬಾರಿಗೆ ಬಲಿಯಾದ ಮೇಲಷ್ಟೇ ಶೇಕಡ 12.5ರಷ್ಟು ಅಭಿವೃದ್ಧಿಪಡಿಸಿದ ಜಾಗ ಮರಳಿಸುವ ಏರ್ಪಾಟು ಬಂತು. ಆದರೆ ಪರವಾನಗಿ ಇಲ್ಲದ ಕಟ್ಟಡದಲ್ಲಿ ಮಣ್ಣು ಪರೀಕ್ಷೆ ಮಾಡಿದವರಾರು? ಇದೇ ಗುಡ್ಡದ ಆಚೆ, ಮುಂಬ್ರಾದ ಶೀಳ್ ಫಾಟಾದಲ್ಲಿ, 2013ರ ಏಪ್ರಿಲ್ 4ರಂದು ತರಾತುರಿಯಲ್ಲಿ ಎದ್ದ ಅಕ್ರಮ ಕಟ್ಟಡ ಕುಸಿದು 74 ಜನ ಸತ್ತರು.

2016ರ ರೇರಾ ಕಾಯ್ದೆ ಬಂದ ಮೇಲೆ ನೋಂದಾಯಿತ ಯೋಜನೆಯಲ್ಲಿ ಸ್ವಾಧೀನ ಕೊಟ್ಟ 5 ವರ್ಷಗಳೊಳಗೆ ರಚನಾದೋಷ ಕಂಡರೆ ಬಿಲ್ಡರನೇ ಸರಿಪಡಿಸಬೇಕು. ಬುನಾದಿಯ ನಕ್ಷೆ, ಮಣ್ಣಿನ ವರದಿ, ಓಸಿ ಕೇಳಿ ಪಡೆಯಿರಿ. ಅದಕ್ಕೂ ಮುಂಚೆ, ಹಳ್ಳಿಯ ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರನ್ನು "ಕಾಕಾ, ಇಥೆ ಆಧೀ ಕಾಯ್ ಹೋತಂ?" ಅಂತ ಕೇಳಿ. ಮೊದಲು ಇಲ್ಲಿ ಏನಿತ್ತು ಅಂತ. ಬಂಡೆ ಎಂದರೆ ಒಂದು ಲೆಕ್ಕ. ಮಿಠಾಗರ, ಅಂದರೆ ಉಪ್ಪಿನ ಆಗರ, ಎಂದರೆ ಪೈಲಿನ ನಕ್ಷೆ ಸಿಗುವವರೆಗೆ ಮುಂಗಡ ಕೊಡಬೇಡಿ.