ವ್ಯಾಯಾಮದ ರೂಢಿ

ವ್ಯಾಯಾಮದ ರೂಢಿ ಎಂದರೆ ದೇಹಶ್ರಮವನ್ನು ಆಗೊಮ್ಮೆ ಈಗೊಮ್ಮೆ ಮಾಡುವ ಸಂಕಲ್ಪವಾಗಿ ಉಳಿಸದೆ, ಸ್ನಾನ, ಊಟ, ನಿದ್ರೆಗಳಂತೆ ದಿನಚರಿಯ ಸ್ಥಿರ ಭಾಗವನ್ನಾಗಿ ಮಾಡಿಕೊಳ್ಳುವ ಕ್ರಮ. ವ್ಯಾಯಾಮದಿಂದ ಆರೋಗ್ಯಕ್ಕೆ ಒಳಿತಾಗುತ್ತದೆ ಎಂಬುದು ಬಹುತೇಕ ಎಲ್ಲರಿಗೂ ತಿಳಿದ ವಿಷಯ. ಆದರೆ ಉತ್ಸಾಹದಿಂದ ಆರಂಭಿಸಿದ ಅಭ್ಯಾಸವನ್ನು ವರ್ಷಗಟ್ಟಲೆ ಮುಂದುವರಿಸುವುದು ಕಷ್ಟ. ಈ ಕಾರಣದಿಂದ ವ್ಯಾಯಾಮವನ್ನು ಆರಂಭಿಸುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಯಷ್ಟೇ, ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯೂ ವೈದ್ಯಶಾಸ್ತ್ರ ಮತ್ತು ಮನೋವಿಜ್ಞಾನಗಳ ಅಧ್ಯಯನದ ವಸ್ತುವಾಗಿದೆ. ಅಭ್ಯಾಸದ ಬಾಳಿಕೆಯು ಕೇವಲ ಮನೋಬಲವನ್ನು ಅವಲಂಬಿಸಿರುವುದಿಲ್ಲ. ನಿಶ್ಚಿತ ಸಮಯ, ನಿಶ್ಚಿತ ಸ್ಥಳ, ಜೊತೆಗಾರರು ಮತ್ತು ಅನುಕೂಲಕರ ಪರಿಸರ ಇವು ಅದರ ಮುಖ್ಯ ಆಧಾರಗಳಾಗಿವೆ.

ಪರಿಕಲ್ಪನೆ

ಸ್ನಾಯುಗಳ ಬಲದಿಂದ ನಡೆಯುವ ಮತ್ತು ಶಕ್ತಿಯನ್ನು ವ್ಯಯಿಸುವ ಯಾವುದೇ ಚಲನೆಯನ್ನು ದೈಹಿಕ ಚಟುವಟಿಕೆ ಎನ್ನುತ್ತಾರೆ. ಹೊಲದ ಕೆಲಸ, ಮನೆಗೆಲಸ, ಮೆಟ್ಟಿಲು ಹತ್ತುವುದು, ಬಸ್ ನಿಲ್ದಾಣಕ್ಕೆ ನಡೆದು ಹೋಗುವುದು ಇವೆಲ್ಲ ಇದರಲ್ಲಿ ಸೇರುತ್ತವೆ. ದೇಹದ ಸಾಮರ್ಥ್ಯವನ್ನು ಹೆಚ್ಚಿಸುವ ಅಥವಾ ಕಾಯ್ದುಕೊಳ್ಳುವ ಉದ್ದೇಶದಿಂದ, ಯೋಜಿತವಾಗಿ ಹಾಗೂ ಪುನರಾವರ್ತಿತವಾಗಿ ಮಾಡುವ ಚಟುವಟಿಕೆ ವ್ಯಾಯಾಮವೆನಿಸುತ್ತದೆ. ಕೃಷಿ ಮತ್ತು ಕೈಕೆಲಸಗಳೇ ಪ್ರಧಾನವಾಗಿದ್ದ ಕಾಲದಲ್ಲಿ ಬಹುಪಾಲು ಜನರಿಗೆ ದುಡಿಮೆಯಲ್ಲಿಯೇ ಸಾಕಷ್ಟು ಶ್ರಮ ಒದಗುತ್ತಿತ್ತು. ಯಂತ್ರಗಳು, ವಾಹನಗಳು ಮತ್ತು ಕುಳಿತು ಮಾಡುವ ಉದ್ಯೋಗಗಳು ಹೆಚ್ಚಿದಂತೆ, ಬದುಕಿನಿಂದ ಜಾರಿಹೋದ ಶ್ರಮವನ್ನು ಪ್ರತ್ಯೇಕವಾಗಿ ಮರಳಿ ಸೇರಿಸಬೇಕಾದ ಅಗತ್ಯವುಂಟಾಯಿತು.

ಇತಿಹಾಸ

ಆಯುರ್ವೇದ ಗ್ರಂಥಗಳು ವ್ಯಾಯಾಮವನ್ನು ದಿನಚರಿಯ ಅಂಗವಾಗಿಯೇ ವಿವರಿಸುತ್ತವೆ. ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ ಬೆಳಗಿನ ಏಳುವಿಕೆ, ದಂತಧಾವನ ಮತ್ತು ಅಭ್ಯಂಗಗಳ ಬಳಿಕ, ಸ್ನಾನಕ್ಕೆ ಮೊದಲು ವ್ಯಾಯಾಮಕ್ಕೆ ಸ್ಥಾನ ನೀಡಲಾಗಿದೆ. ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಶ್ರಮಿಸಬೇಕೆಂಬ ನಿಯಮವೂ, ಅತಿಯಾದ ವ್ಯಾಯಾಮದಿಂದ ಹಾನಿಯುಂಟಾಗುತ್ತದೆ ಎಂಬ ಎಚ್ಚರಿಕೆಯೂ ಅಲ್ಲಿ ಇವೆ.

ಕರ್ನಾಟಕದಲ್ಲಿ ಗರಡಿ ಮನೆಗಳು ನಿತ್ಯ ಸಾಮಿನ ಕೇಂದ್ರಗಳಾಗಿದ್ದವು. ಕೆಮ್ಮಣ್ಣಿನ ಅಖಾಡ, ದಂಡ, ಬಸ್ಕಿ, ಗದೆ ತಿರುಗಿಸುವುದು, ಕಲ್ಲುಗುಂಡು ಎತ್ತುವುದು ಇವು ಅಲ್ಲಿನ ಅಭ್ಯಾಸಕ್ರಮಗಳು. ಗುರುವಿನ ಮೇಲ್ವಿಚಾರಣೆ, ಒಟ್ಟಿಗೆ ಅಭ್ಯಾಸ ಮಾಡುವ ಸಂಗಡಿಗರು ಮತ್ತು ಜಾತ್ರೆ, ದಸರಾ ಮೊದಲಾದ ಸಂದರ್ಭಗಳ ಕುಸ್ತಿ ಪಂದ್ಯಗಳು ಅಭ್ಯಾಸವನ್ನು ವರ್ಷವಿಡೀ ಜೀವಂತವಾಗಿರಿಸುತ್ತಿದ್ದವು. 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು. ಅವರ ಶಿಷ್ಯರಾದ ಕೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ವಿನ್ಯಾಸ ಪರಂಪರೆಯಲ್ಲಿ ವಾರಕ್ಕೆ ಆರು ದಿನ ಅಭ್ಯಾಸ, ಒಂದು ದಿನ ವಿರಾಮ, ಜೊತೆಗೆ ಹುಣ್ಣಿಮೆ ಮತ್ತು ಅಮಾವಾಸ್ಯೆಗಳಂದು ಬಿಡುವು ಎಂಬ ಕ್ರಮವಿದೆ. ವಿರಾಮವನ್ನೂ ಮೊದಲೇ ನಿಗದಿಪಡಿಸುವುದರಿಂದ ಅದು ಅಭ್ಯಾಸದ ಭಂಗವಾಗದೆ ಅಭ್ಯಾಸದ ಭಾಗವಾಗುತ್ತದೆ.

ಜಪಾನಿನಲ್ಲಿ 1928ರಲ್ಲಿ ಆಕಾಶವಾಣಿಯ ಮೂಲಕ ಆರಂಭವಾದ ‘ರೇಡಿಯೋ ತೈಸೋ’ ಎಂಬ ವ್ಯಾಯಾಮ ಪ್ರಸಾರವು ಎರಡನೆಯ ಮಹಾಯುದ್ಧದ ನಂತರ ಕೆಲವು ವರ್ಷ ನಿಂತು, 1951ರಲ್ಲಿ ಹೊಸ ರೂಪದಲ್ಲಿ ಪುನರಾರಂಭಗೊಂಡಿತು. ಬೆಳಿಗ್ಗೆ ಆರೂವರೆ ಗಂಟೆಗೆ ಒಂದೇ ಸಂಗೀತಕ್ಕೆ ಲಕ್ಷಾಂತರ ಜನರು ಮಾಡುವ ಈ ಸರಳ ಕವಾಯತು ಶಾಲೆ, ಕಾರ್ಖಾನೆ ಮತ್ತು ಉದ್ಯಾನಗಳಲ್ಲಿ ಇಂದಿಗೂ ರೂಢಿಯಲ್ಲಿದೆ.

ಆಧುನಿಕ ವೈದ್ಯಕೀಯ ಸಂಶೋಧನೆಯಲ್ಲಿ ಬ್ರಿಟನ್ನಿನ ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನವು ಮೈಲಿಗಲ್ಲು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ನಿರ್ವಾಹಕರಿಗೆ, ಕುಳಿತೇ ಕೆಲಸ ಮಾಡುತ್ತಿದ್ದ ಚಾಲಕರಿಗಿಂತ ಹೃದಯದ ರಕ್ತನಾಳದ ಕಾಯಿಲೆ ಕಡಿಮೆ ಎಂದು ಅದು ತೋರಿಸಿತು. ನಿರ್ವಾಹಕರು ವ್ಯಾಯಾಮಕ್ಕೆಂದು ಪ್ರತ್ಯೇಕ ಸಮಯ ತೆಗೆದಿಟ್ಟವರಲ್ಲ. ಅವರ ಶ್ರಮವು ದುಡಿಮೆಯೊಳಗೇ ಬೆರೆತಿತ್ತು.

ನಿರಂತರತೆಯ ಮಹತ್ವ

ವ್ಯಾಯಾಮದ ಫಲವನ್ನು ಬಹುಕಾಲ ಕೂಡಿಡಲು ಸಾಧ್ಯವಿಲ್ಲ. ಅಭ್ಯಾಸ ನಿಂತ ಕೆಲವೇ ವಾರಗಳಲ್ಲಿ ಹೃದಯ ಹಾಗೂ ಶ್ವಾಸಕೋಶಗಳ ಸಾಮರ್ಥ್ಯ ಕುಗ್ಗತೊಡಗುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿಯೇ ಇರಿಸಿ ನಡೆಸಿದ ಪ್ರಯೋಗದಲ್ಲಿ, ಆಮ್ಲಜನಕವನ್ನು ಬಳಸುವ ಅವರ ಗರಿಷ್ಠ ಸಾಮರ್ಥ್ಯ ತೀವ್ರವಾಗಿ ಇಳಿಯಿತು. ಮೂವತ್ತು ವರ್ಷಗಳ ಅನಂತರ ಅದೇ ಐವರನ್ನು ಪರೀಕ್ಷಿಸಿದಾಗ, ಮೂರು ದಶಕಗಳ ವಯೋವೃದ್ಧಿಯಿಂದ ಆದ ಇಳಿಕೆಯು ಆ ಮೂರು ವಾರಗಳ ವಿಶ್ರಾಂತಿಯಿಂದ ಆದ ಇಳಿಕೆಗಿಂತ ಕಡಿಮೆಯಾಗಿತ್ತು. ಆರು ತಿಂಗಳ ಕ್ರಮಬದ್ಧ ತರಬೇತಿಯ ಬಳಿಕ ಅವರ ಸರಾಸರಿ ಸಾಮರ್ಥ್ಯವು 1966ರ ಆರಂಭದ ಮಟ್ಟಕ್ಕೆ ಮರಳಿತು.

ಹಾರ್ವರ್ಡ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಕುರಿತು ರಾಲ್ಫ್ ಪ್ಯಾಫೆನ್‌ಬರ್ಗರ್ ನಡೆಸಿದ ದೀರ್ಘಕಾಲದ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ. ಕಾಲೇಜಿನಲ್ಲಿ ಕ್ರೀಡಾಪಟುಗಳಾಗಿದ್ದವರಲ್ಲಿ ಮುಂದೆಯೂ ಚಟುವಟಿಕೆಯಿಂದ ಇದ್ದವರಿಗೆ ಮಾತ್ರ ಹೃದಯಾಘಾತದ ಅಪಾಯ ಕಡಿಮೆಯಿತ್ತು. ತಾರುಣ್ಯದಲ್ಲಿ ಆಟವಾಡದಿದ್ದರೂ ನಂತರ ಚಟುವಟಿಕೆಯನ್ನು ರೂಢಿಸಿಕೊಂಡವರಿಗೂ ಆ ಲಾಭ ದೊರೆತಿತ್ತು. ಹೀಗಾಗಿ ಹಿಂದೆ ಮಾಡಿದ್ದಕ್ಕಿಂತ ಈಗ ಮಾಡುತ್ತಿರುವುದೇ ಮುಖ್ಯವೆಂದೂ, ತಡವಾಗಿ ಆರಂಭಿಸುವುದು ವ್ಯರ್ಥವಲ್ಲವೆಂದೂ ತಿಳಿದುಬರುತ್ತದೆ.

ಸೂಚಿತ ಪ್ರಮಾಣ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಮುಖ್ಯಾಂಶಗಳು ಹೀಗಿವೆ:

- ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ, ಅಥವಾ 75ರಿಂದ 150 ನಿಮಿಷ ಹೆಚ್ಚು ತೀವ್ರತೆಯ ಚಟುವಟಿಕೆಯಲ್ಲಿ ತೊಡಗಬೇಕು.
- ವಾರಕ್ಕೆ ಕನಿಷ್ಠ 2 ದಿನ ಪ್ರಮುಖ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕು.
- 65 ವರ್ಷ ಮೀರಿದವರು ವಾರಕ್ಕೆ 3 ದಿನ ಸಮತೋಲನ ಮತ್ತು ಬಲಕ್ಕೆ ಒತ್ತು ನೀಡುವ ಚಟುವಟಿಕೆಗಳನ್ನೂ ಸೇರಿಸಿಕೊಳ್ಳಬೇಕು.
- 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕು.

ಮಾತನಾಡಲು ಸಾಧ್ಯವಾಗುವ ಆದರೆ ಹಾಡಲು ಉಸಿರು ಸಾಲದ ಬಿರುಸಿನ ನಡಿಗೆಯು ಮಧ್ಯಮ ತೀವ್ರತೆಗೆ ಸಾಮಾನ್ಯ ಉದಾಹರಣೆ. 2010ರ ಮಾರ್ಗಸೂಚಿಯಲ್ಲಿ ಒಂದು ಬಾರಿಗೆ ಕನಿಷ್ಠ 10 ನಿಮಿಷ ಇರಬೇಕೆಂಬ ಷರತ್ತಿತ್ತು. 2020ರಲ್ಲಿ ಅದನ್ನು ಕೈಬಿಡಲಾಯಿತು. ಆದ್ದರಿಂದ ದಿನದಲ್ಲಿ ಚದುರಿದ ಸಣ್ಣ ಸಣ್ಣ ಅವಧಿಗಳೂ ಲೆಕ್ಕಕ್ಕೆ ಬರುತ್ತವೆ.

ದಿನಕ್ಕೆ 10,000 ಹೆಜ್ಜೆ ಎಂಬ ಪ್ರಸಿದ್ಧ ಗುರಿಯು 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟವಾದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ ಹರಡಿತು. 2019ರಲ್ಲಿ ಅಮೆರಿಕದ ವಯಸ್ಸಾದ ಮಹಿಳೆಯರ ಕುರಿತ ಅಧ್ಯಯನವೊಂದರಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆಯುವವರಲ್ಲಿಯೇ, 2,700 ಹೆಜ್ಜೆ ನಡೆಯುವವರಿಗಿಂತ ಮರಣ ಪ್ರಮಾಣ ಕಡಿಮೆಯಿತ್ತು. ಸುಮಾರು 7,500 ಹೆಜ್ಜೆಗಳ ನಂತರ ಆ ಲಾಭ ಹೆಚ್ಚು ಏರಲಿಲ್ಲ.

ರೂಢಿ ಬೆಳೆಯುವ ಬಗೆ

ಒಂದೇ ಸನ್ನಿವೇಶದಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ, ಆ ಸನ್ನಿವೇಶವೇ ಕೆಲಸಕ್ಕೆ ಪ್ರೇರಕವಾಗುತ್ತದೆ. ಬೆಳಗಿನ ಕಾಫಿಯ ಬಳಿಕ ನಡಿಗೆ, ಮಕ್ಕಳನ್ನು ಶಾಲೆಗೆ ಕಳುಹಿಸಿದ ಕೂಡಲೇ ಯೋಗಾಸನ ಎಂಬಂತೆ ಈಗಾಗಲೇ ನೆಲೆಗೊಂಡ ಕೆಲಸವೊಂದಕ್ಕೆ ವ್ಯಾಯಾಮವನ್ನು ಜೋಡಿಸಿದರೆ, ಪ್ರತಿದಿನವೂ ಹೊಸದಾಗಿ ನಿರ್ಧರಿಸುವ ಹೊರೆ ತಪ್ಪುತ್ತದೆ.

ರೂಢಿಯು 21 ದಿನಗಳಲ್ಲಿ ಬೆಳೆಯುತ್ತದೆ ಎಂಬುದು ಜನಪ್ರಿಯ ನಂಬಿಕೆ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಸಮರ್ಥಿಸುವುದಿಲ್ಲ. ಹೊಸ ನಡವಳಿಕೆಯು ಯೋಚಿಸದೆ ನಡೆಯುವ ಮಟ್ಟ ತಲುಪಲು ಬೇಕಾದ ಕಾಲವು 18ರಿಂದ 254 ದಿನಗಳವರೆಗೆ ಬದಲಾಗುತ್ತಿತ್ತು. ಮಧ್ಯಾಂಕವು 66 ದಿನ. ನೀರು ಕುಡಿಯುವಂತಹ ಸರಳ ಅಭ್ಯಾಸಗಳಿಗಿಂತ ವ್ಯಾಯಾಮಕ್ಕೆ ಹೆಚ್ಚು ಕಾಲ ಬೇಕಾಯಿತು. ನಡುವೆ ಒಂದು ದಿನ ತಪ್ಪಿದರೂ ರೂಢಿ ಬೆಳೆಯುವುದಕ್ಕೆ ಗಣನೀಯ ಅಡ್ಡಿಯಾಗಲಿಲ್ಲ.

ಯಾವಾಗ, ಎಲ್ಲಿ ಎಂಬುದನ್ನು ಮೊದಲೇ ಗೊತ್ತುಪಡಿಸುವುದೂ ಪರಿಣಾಮಕಾರಿ. ಬ್ರಿಟನ್ನಿನಲ್ಲಿ 248 ವಿದ್ಯಾರ್ಥಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವಾರದೊಳಗೆ ಒಮ್ಮೆಯಾದರೂ ವ್ಯಾಯಾಮ ಮಾಡಿದವರ ಪ್ರಮಾಣ ಸಾಮಾನ್ಯ ಗುಂಪಿನಲ್ಲಿ ಶೇ. 38ರಷ್ಟಿತ್ತು. ವ್ಯಾಯಾಮದ ಪ್ರಯೋಜನಗಳನ್ನು ಓದಿ ತಿಳಿದ ಗುಂಪಿನಲ್ಲಿ ಅದು ಹೆಚ್ಚಲಿಲ್ಲ. ಆ ಮಾಹಿತಿಯೊಂದಿಗೆ ದಿನ, ಸಮಯ ಮತ್ತು ಸ್ಥಳವನ್ನೂ ಬರೆದುಕೊಟ್ಟ ಗುಂಪಿನಲ್ಲಿ ಶೇ. 91ಕ್ಕೆ ಏರಿತು.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ರೂಪಿಸಿದ ಸ್ವನಿರ್ಣಯ ಸಿದ್ಧಾಂತದ ಪ್ರಕಾರ, ಭಯ ಅಥವಾ ಬಲವಂತದಿಂದ ಮಾಡುವ ಕೆಲಸಕ್ಕಿಂತ ಸ್ವಂತ ಆಯ್ಕೆಯಿಂದ ಮತ್ತು ಸಂತೋಷದಿಂದ ಮಾಡುವ ಕೆಲಸ ಹೆಚ್ಚು ಬಾಳುತ್ತದೆ. ಆದ್ದರಿಂದ ವ್ಯಾಯಾಮದ ಪ್ರಕಾರವನ್ನು ಆರಿಸುವಾಗ ವ್ಯಕ್ತಿಯ ಅಭಿರುಚಿಗೂ ಸ್ಥಾನವಿರಬೇಕಾಗುತ್ತದೆ.

ತೊಡಕುಗಳು

ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ನೀಡಿದ ಅಂದಾಜಿನಂತೆ 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇ. 31ರಷ್ಟು ಮಂದಿ ಸೂಚಿತ ಕನಿಷ್ಠ ಪ್ರಮಾಣವನ್ನು ತಲುಪಿರಲಿಲ್ಲ. ಭಾರತದಲ್ಲಿ ಈ ಪ್ರಮಾಣ ಸರಿಸುಮಾರು ಅರ್ಧದಷ್ಟಿದ್ದು, ಪುರುಷರಿಗಿಂತ ಮಹಿಳೆಯರಲ್ಲಿ ಅಧಿಕವಾಗಿತ್ತು. ಮನೆಗೆಲಸ ಮತ್ತು ಆರೈಕೆಯ ಹೊಣೆ, ಸ್ವಂತಕ್ಕೆ ಸಮಯದ ಅಭಾವ, ಬೆಳಗಿನ ಅಥವಾ ರಾತ್ರಿಯ ವೇಳೆ ಹೊರಗೆ ನಡೆಯುವಾಗಿನ ಅಸುರಕ್ಷತೆ ಇವು ಮಹಿಳೆಯರಿಗೆ ವಿಶೇಷವಾಗಿ ಅಡ್ಡಿಯಾಗುತ್ತವೆ. ಒಡೆದ ಅಥವಾ ಇಲ್ಲದ ಪಾದಚಾರಿ ಮಾರ್ಗ, ವಾಯುಮಾಲಿನ್ಯ, ಬೇಸಿಗೆಯ ತಾಪ ಮತ್ತು ಮಲೆನಾಡು, ಕರಾವಳಿಗಳಲ್ಲಿನ ದೀರ್ಘ ಮಳೆಗಾಲ ಎಲ್ಲರಿಗೂ ತೊಡಕನ್ನುಂಟುಮಾಡುತ್ತವೆ. ಮನೆಯೊಳಗೆ ಮಾಡಬಹುದಾದ ಪರ್ಯಾಯವೊಂದು ಸಿದ್ಧವಿದ್ದರೆ ಋತುಮಾನದ ಬದಲಾವಣೆಯಿಂದ ಅಭ್ಯಾಸ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತದೆ.

ಪರಿಸರ ಮತ್ತು ಸಮುದಾಯ

ಕೊಲಂಬಿಯಾದ ಬೊಗೊಟಾ ನಗರದಲ್ಲಿ 1974ರಲ್ಲಿ ಆರಂಭವಾದ ‘ಸಿಕ್ಲೋವಿಯಾ’ ಕಾರ್ಯಕ್ರಮದಡಿ ಭಾನುವಾರ ಹಾಗೂ ರಜಾದಿನಗಳಂದು ಪ್ರಮುಖ ರಸ್ತೆಗಳನ್ನು ವಾಹನಗಳಿಗೆ ಮುಚ್ಚಿ, ನಡೆಯುವವರಿಗೂ ಸೈಕಲ್ ಸವಾರರಿಗೂ ಬಿಟ್ಟುಕೊಡಲಾಗುತ್ತದೆ. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಓಟಗಾರರಿಂದ ಆರಂಭವಾದ ‘ಪಾರ್ಕ್‌ರನ್’ ಎಂಬ ಉಚಿತ ಸಾಪ್ತಾಹಿಕ 5 ಕಿಲೋಮೀಟರ್ ಓಟವು ಅನೇಕ ದೇಶಗಳಿಗೆ ಹರಡಿದೆ. ಬೆಂಗಳೂರಿನ ಲಾಲ್‌ಬಾಗ್ ಮತ್ತು ಕಬ್ಬನ್ ಉದ್ಯಾನಗಳು, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಬೆಳಗಿನ ನಡಿಗೆಗೆ ಹೆಸರಾಗಿವೆ. ಕುವೆಂಪು ಅವರು ಕುಕ್ಕರಹಳ್ಳಿ ಕೆರೆಯ ಬಳಿ ವಾಯುವಿಹಾರದ ಪರಿಪಾಠ ಇಟ್ಟುಕೊಂಡಿದ್ದರು. ಇಂತಹ ಸ್ಥಳಗಳಲ್ಲಿ ನಿತ್ಯ ಭೇಟಿಯಾಗುವವರ ನಡುವೆ ಬೆಳೆಯುವ ಪರಿಚಯವೂ ಅಭ್ಯಾಸವನ್ನು ಉಳಿಸುತ್ತದೆ; ಬಾರದ ದಿನ ವಿಚಾರಿಸುವವರಿರುತ್ತಾರೆ.

ಮುನ್ನೆಚ್ಚರಿಕೆಗಳು

ಬಹುಕಾಲ ನಿಷ್ಕ್ರಿಯರಾಗಿದ್ದವರು ಕಡಿಮೆ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಹೆಚ್ಚಿಸುವುದು ಸುರಕ್ಷಿತ. ಹೃದ್ರೋಗ, ಮಧುಮೇಹ, ಕೀಲುನೋವು ಮೊದಲಾದ ತೊಂದರೆಗಳಿರುವವರೂ ಗರ್ಭಿಣಿಯರೂ ವೈದ್ಯರ ಸಲಹೆ ಪಡೆಯುವುದು ಸೂಕ್ತ. ಎದೆನೋವು, ತಲೆಸುತ್ತು ಅಥವಾ ಅಸಹಜ ಏದುಸಿರು ಕಂಡುಬಂದರೆ ವ್ಯಾಯಾಮವನ್ನು ತಕ್ಷಣ ನಿಲ್ಲಿಸಬೇಕು. ಜ್ವರ, ಗಾಯ ಅಥವಾ ಪ್ರಯಾಣದ ನಿಮಿತ್ತ ಅಭ್ಯಾಸ ಕೆಲವು ವಾರ ತಪ್ಪಿದ್ದರೆ, ಹಿಂದಿನ ಮಟ್ಟದಿಂದ ನೇರವಾಗಿ ಮುಂದುವರಿಸದೆ ಕಡಿಮೆ ಪ್ರಮಾಣದಿಂದ ಪುನರಾರಂಭಿಸಬೇಕಾಗುತ್ತದೆ.