ಟಿಕೆಟ್ ಹೇಳುವ ಲೆಕ್ಕ, ರಸ್ತೆ ಹೇಳದ ಲೆಕ್ಕ

1876–78ರ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದನೇ ಒಂದು ಪಾಲು ಜನ ಸತ್ತರು. ಬೆಂಗಳೂರಿನವರೆಗೆ ಧಾನ್ಯ ರೈಲಿನಲ್ಲಿ ಬರುತ್ತಿತ್ತು. ಅಲ್ಲಿಂದ ಮುಂದೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. ಆ ಬರದ ಪಾಠವಾಗಿ ಸಂಸ್ಥಾನದ ಬೊಕ್ಕಸದ ಹಣದಲ್ಲಿ ಮೂಡಿದ್ದು ಬೆಂಗಳೂರು–ಮೈಸೂರು ಮೀಟರ್ ಗೇಜ್ ದಾರಿ. 1882ರಲ್ಲಿ ಅದು ಮೈಸೂರು ಮುಟ್ಟಿತು. ಹಳಿಗೆ ಎಷ್ಟು ಖರ್ಚಾಯಿತು, ಎಷ್ಟು ಹುಟ್ಟಿತು ಎಂಬುದು ಮೊದಲಿನಿಂದಲೂ ಒಂದೇ ಲೆಕ್ಕದ ಪುಸ್ತಕದಲ್ಲಿತ್ತು.

ಮೋಟಾರು ಬಂದ ಮೇಲೆ ತಕರಾರು ಶುರುವಾಯಿತು. ರೈಲು ತನ್ನ ಹಳಿಯನ್ನು ತಾನೇ ಹಾಸಿಕೊಳ್ಳಬೇಕು, ಬಸ್ಸು ಸಾರ್ವಜನಿಕರ ರಸ್ತೆಯಲ್ಲಿ ಓಡುತ್ತದೆ. ಇದು ಸಮನಾದ ಸ್ಪರ್ಧೆಯೇ? ಭಾರತದಲ್ಲಿ ಈ ಪ್ರಶ್ನೆಯನ್ನು ಮಿಚೆಲ್–ಕರ್ಕ್‌ನೆಸ್ ವರದಿ 1933ರಲ್ಲೇ ಪರಿಶೀಲಿಸಿತು. 1939ರಲ್ಲಿ ಮೋಟಾರು ವಾಹನ ಕಾಯ್ದೆ ಬಂತು. ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

2023ರ ಮಾರ್ಚ್‌ನಲ್ಲಿ ಅದೇ ಎರಡು ಊರುಗಳ ನಡುವೆ ಸುಮಾರು 8,480 ಕೋಟಿ ರೂಪಾಯಿಯ ಹೆದ್ದಾರಿ ಉದ್ಘಾಟನೆಯಾಯಿತು. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ ಒಂದು ಸಲ ಹೋಗಲು ಒಂಬತ್ತು-ಹತ್ತು ಲೀಟರ್ ಪೆಟ್ರೋಲ್ ಬೇಕು. ನೂರು ರೂಪಾಯಿ ದರದಲ್ಲಿ ಅದೇ ಸಾವಿರದ ಹತ್ತಿರ. ಟೋಲ್ ಸೇರಿಸಿದರೆ ಇನ್ನೂ ಮುನ್ನೂರು ಚಿಲ್ಲರೆ. ಟಯರು, ವಿಮೆ, ವರ್ಷ ವರ್ಷ ಇಳಿಯುವ ಕಾರಿನ ಬೆಲೆ ಬೇರೆ. ನಾಲ್ವರು ಹಂಚಿಕೊಂಡರೂ ತಲೆಗೆ ಮುನ್ನೂರು ದಾಟುತ್ತದೆ. ರೈಲಿನ ಸಾಮಾನ್ಯ ಬೋಗಿಯಲ್ಲಿ ನೂರರೊಳಗೆ ಮುಗಿಯುತ್ತದೆ. ವಯಸ್ಸಾದವರೊಂದಿಗೆ, ಹೊತ್ತಲ್ಲದ ಹೊತ್ತಿನಲ್ಲಿ, ಮನೆ ಬಾಗಿಲಿನಿಂದ ಹೊರಡುವವರಿಗೆ ಕಾರಿನ ಅನುಕೂಲ ನಿಜವೇ.

ರೈಲ್ವೆ ಕೆಲವು ವರ್ಷಗಳ ಹಿಂದೆ ಟಿಕೆಟಿನ ಮೇಲೆಯೇ ಅಚ್ಚು ಹಾಕಿಸಿತು: ಪ್ರಯಾಣದ ವೆಚ್ಚದಲ್ಲಿ ಸರಾಸರಿ ನೂರಕ್ಕೆ 57ರಷ್ಟು ಮಾತ್ರ ವಸೂಲಾಗುತ್ತದೆ ಎಂದು. ಬಡ ಪ್ರಯಾಣಿಕನಿಗೆ ತಾನು ಯಾರದೋ ಋಣದಲ್ಲಿ ಕೂತಿದ್ದೇನೆ ಎನಿಸುವ ಸಾಲು ಅದು. ಪೆಟ್ರೋಲ್ ಬಂಕಿನ ರಸೀದಿಯಲ್ಲಿ ಅಂಥ ಸಾಲಿಲ್ಲ. ರಸ್ತೆಗೆ ಹೋದ ಹೊಲ, ಹೊಗೆ, ಅಪಘಾತದ ಸಾವು, ಹೆದ್ದಾರಿ ಊರ ಹೊರಗೆ ಹಾದದ್ದರಿಂದ ಗಿರಾಕಿ ಕಳೆದುಕೊಂಡ ಚನ್ನಪಟ್ಟಣದ ಗೊಂಬೆ ಅಂಗಡಿ, ಮದ್ದೂರಿನ ಹೋಟೆಲು ಯಾವ ರಸೀದಿಗೂ ಬರುವುದಿಲ್ಲ. 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಆ ಹೆದ್ದಾರಿಯ ಮುಖ್ಯ ಪಥದಲ್ಲಿ ಪ್ರವೇಶವೂ ಇಲ್ಲ.

ಯಾವುದು ಅಗ್ಗ ಎಂದು ಕೇಳುವಾಗ ಎರಡಕ್ಕೂ ಒಂದೇ ಬಗೆಯ ಲೆಕ್ಕ ಬರೆಯಬೇಕು. ಬರಗಾಲದ ಜನರಿಗಾಗಿ ಹಾಸಿದ ಹಳಿಗೆ ಅಷ್ಟಾದರೂ ನ್ಯಾಯ ಸಲ್ಲಬೇಕು.